ಬರೀ "ಹುಷಾರಾಗಿರಿ" ಅಂದರೆ ಸಾಲದು

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ಎಲ್ಲರೂ ಹೇಳುವ ಮಾತು ಒಂದೇ. "ಹುಷಾರಾಗಿರಿ, ಇನ್ಫೆಕ್ಷನ್ ಆಗದ ಹಾಗೆ ನೋಡ್ಕೊಳ್ಳಿ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಯಾವುದರಿಂದ ಹುಷಾರು? ಎಷ್ಟು ದಿನ? ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಒಬ್ಬರು ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಇನ್ನೊಬ್ಬರು ಎಲ್ಲಾ ಮುಗೀತು ಅಂತ ಜ್ವರ ಬಂದರೂ ಮಾತ್ರೆ ನುಂಗಿ ಮಲಗುತ್ತಾರೆ. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಆದಾಗಿನಿಂದ ಜೊತೆಗಿರುವವಳು ನಾನು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎಚ್ಚರಿಕೆ ಅನ್ನೋದು ಅವರವರು ತಗೊಂಡ ಚಿಕಿತ್ಸೆಗೆ ತಕ್ಕಂತೆ ಇರಬೇಕು. ಅದಕ್ಕೊಂದು ಕಾರಣ ಇರಬೇಕು, ಎಲ್ಲಿಯವರೆಗೆ ಅಂತ ಒಂದು ಗಡುವೂ ಇರಬೇಕು.

ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಆ ಹೊಡೆತಕ್ಕೆ ರಕ್ತಕಣ ಹುಟ್ಟುವ ಮೂಳೆಮಜ್ಜೆಯೂ ಸಿಕ್ಕಿಬೀಳುತ್ತದೆ. ಬಿಳಿ ರಕ್ತಕಣಗಳಲ್ಲಿ ಸೋಂಕಿನ ವಿರುದ್ಧ ಮೊದಲು ಹೋರಾಡುವ ನ್ಯೂಟ್ರೋಫಿಲ್ ಅನ್ನುವುದು ಸಾಮಾನ್ಯವಾಗಿ ಡೋಸ್ ಆದ 7ರಿಂದ 14ನೇ ದಿನದ ನಡುವೆ ತೀರಾ ಕೆಳಗಿಳಿಯುತ್ತದೆ. ಆಗ ಮೈಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು. ಬೆಳಗ್ಗೆ ನೋಡೋಣ ಅನ್ನುವಂತಿಲ್ಲ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ನುಂಗಲೂಬಾರದು. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಹಬ್ಬುತ್ತಿರುತ್ತದೆ. ಬಿಳಿ ಕಣ ಕಡಿಮೆ ಇದ್ದಾಗ ಕೀವು, ಊತ ಸರಿಯಾಗಿ ಕಾಣಿಸಿಕೊಳ್ಳುವುದೂ ಇಲ್ಲ. ಎಷ್ಟೋ ಸಲ ಜ್ವರ ಒಂದೇ ಸುಳಿವು.

ಆ ದಿನಗಳಲ್ಲಿ ಅಕ್ಕನ ದಿಂಬಿನ ಪಕ್ಕ ಥರ್ಮಾಮೀಟರ್ ಇರುತ್ತಿತ್ತು. ಅದರ ಡಬ್ಬಿಗೆ ಒಂದು ಚೀಟಿ ಅಂಟಿಸಿದ್ದೆವು. ಆಸ್ಪತ್ರೆಯ ರಾತ್ರಿ ನಂಬರ್, ಔಷಧಿಯ ಹೆಸರು, ಕೊನೆಯ ಡೋಸ್ ಆದ ತಾರೀಖು. ತುರ್ತು ವಿಭಾಗದಲ್ಲಿ ಬಾಯಿಬಿಟ್ಟ ತಕ್ಷಣ ಹೇಳಬೇಕಾದದ್ದು "ಜ್ವರ ಬಂದಿದೆ" ಅಂತಲ್ಲ, "ಕೀಮೋ ನಡೀತಿದೆ, ಜ್ವರ ಬಂದಿದೆ" ಅಂತ. ಅಷ್ಟರಿಂದಲೇ ಅವರು ನೋಡುವ ರೀತಿ ಬದಲಾಗುತ್ತದೆ.

ಕೊನೆಯ ಕೀಮೋ ಆದ ಮೇಲೆ ನ್ಯೂಟ್ರೋಫಿಲ್ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಏರುತ್ತದೆ. ಲಿಂಫೋಸೈಟ್ ಅನ್ನುವ ಇನ್ನೊಂದು ಬಗೆಯ ಬಿಳಿ ಕಣ ಹಾಗಲ್ಲ, ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ಮೂಳೆಮಜ್ಜೆ (ಬೋನ್ ಮ್ಯಾರೋ) ಕಸಿ ಆದವರದ್ದು ಇನ್ನೂ ಬೇರೆ ಲೆಕ್ಕ. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಗಳ ರಕ್ಷಣೆಯೇ ಕರಗಿಹೋಗಿರುತ್ತದೆ, ಮತ್ತೆ ಮೊದಲಿನಿಂದ ಹಾಕಿಸಬೇಕು. ಅದರಲ್ಲೂ ಜೀವಂತ ವೈರಸ್ ಇರುವ ಲಸಿಕೆಗಳನ್ನು ಕನಿಷ್ಠ 2 ವರ್ಷ ಮುಟ್ಟುವಂತಿಲ್ಲ. ಕೆಲವು ರಕ್ತದ ಕ್ಯಾನ್ಸರಿಗೆ ಕೊಡುವ ರಿಟುಕ್ಸಿಮ್ಯಾಬ್ ಅನ್ನುವ ಔಷಧಿ ತಗೊಂಡವರಿಗೆ ಕೊನೆಯ ಡೋಸ್ ನಂತರ ಸುಮಾರು 6 ತಿಂಗಳು ಯಾವ ಲಸಿಕೆಯೂ ಸರಿಯಾಗಿ ಹತ್ತುವುದಿಲ್ಲ. ಸೋಂಕು ತಡೆಯಲು ನೆರವಾಗುವ ಸ್ಪ್ಲೀನ್ (ಗುಲ್ಮ) ಅನ್ನುವ ಅಂಗ ತೆಗೆಸಿಕೊಂಡವರು ಜ್ವರದ ವಿಷಯದಲ್ಲಿ ಜೀವನಪೂರ್ತಿ ಎಚ್ಚರವಾಗಿರಬೇಕು. ಇವರೆಲ್ಲರಿಗೂ ಒಂದೇ ಸಲಹೆ ಕೊಟ್ಟರೆ ಹೇಗೆ ಸರಿಹೋಗುತ್ತೆ ಹೇಳಿ?

ಅಕ್ಕನ ಎಡ ಕಂಕುಳಿನ ಲಿಂಫ್ ಗ್ರಂಥಿಗಳನ್ನು ತೆಗೆದಿದ್ದಾರೆ. ರಕ್ತದ ರಿಪೋರ್ಟೆಲ್ಲ ಚೆನ್ನಾಗಿ ಬಂದು ಎಷ್ಟೋ ಕಾಲವಾದ ಮೇಲೆ, ಒಂದು ಮಧ್ಯಾಹ್ನ ಎಡಗೈ ಬೆರಳಿಗೆ ಚಾಕು ತಾಗಿ ಸಣ್ಣ ಗೀರು ಬಿತ್ತು. ಮಾರನೇ ದಿನ ಸಂಜೆಗೆ ಮಣಿಕಟ್ಟಿನ ತನಕ ಕೆಂಪು, ಮುಟ್ಟಿದರೆ ಬಿಸಿ. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಹೊರಟೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೆಂಪು ಆ ಗೆರೆಯನ್ನು ದಾಟಿತ್ತು. ಅವತ್ತೇ ಆಂಟಿಬಯಾಟಿಕ್ ಶುರುವಾಯಿತು, ಕೈ ಉಳಿಯಿತು. ಅವಳ ರೋಗನಿರೋಧಕ ಶಕ್ತಿ ಕಡಿಮೆ ಇತ್ತು ಅಂತಲ್ಲ. ಆ ಕೈಯಿಂದ ದ್ರವ ಸರಿಯಾಗಿ ಹರಿದುಹೋಗುವ ದಾರಿ ಇಲ್ಲ, ಹಾಗಾಗಿ ಸೋಂಕು ಅಲ್ಲೇ ಬೇಗ ಬೇರೂರುತ್ತದೆ. ಅವಳಿಗೆ ಬೇಕಾದದ್ದು ತೋಟದ ಕೆಲಸಕ್ಕೆ ಕೈಗವಸು, ಒಡೆಯದ ಚರ್ಮ, ಗಾಯ ಆದ ಕೂಡಲೇ ಸೋಪು ನೀರು. ಜನರಿಂದ ದೂರ ಇರುವುದಲ್ಲ.

ಈಗ ಇಮ್ಯುನಿಟಿ ಹೆಚ್ಚಿಸುವ ಪುಡಿಗಳ ವಿಷಯಕ್ಕೆ ಬರುತ್ತೇನೆ. ನೋಡಲು ಬಂದವರಲ್ಲಿ ಅರ್ಧಕ್ಕರ್ಧ ಜನ ಒಂದು ಡಬ್ಬಿ ಕೈಗಿಟ್ಟು ಹೋಗುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ, ಆದರೆ ಇದು ನಿಲ್ಲಬೇಕು. "ವಿಟಮಿನ್ ತಾನೇ, ಒಳ್ಳೇದಾಗದಿದ್ರೂ ಕೆಟ್ಟದ್ದಂತೂ ಆಗಲ್ಲ" ಅನ್ನುವುದು ಸುಳ್ಳು ಅಂತ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಫಿನ್ಲೆಂಡಿನಲ್ಲಿ ಸಿಗರೇಟ್ ಸೇದುವ ಗಂಡಸರಿಗೆ ಮೈಯಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೋಟಿನ್ ಮಾತ್ರೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಆ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿಯಾಗಿತ್ತು. 2011ರಲ್ಲಿ ಹೊರಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ವಿಟಮಿನ್ ಇ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚು ಕಂಡಿತು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡು ಡಾಕ್ಟರ್ ಬರೆದುಕೊಟ್ಟರೆ ಖಂಡಿತ ತಗೊಳ್ಳಿ. ಬೇರೆ ಯಾವುದೇ ಪುಡಿ, ಕಷಾಯ, ಮಾತ್ರೆ ಇದ್ದರೂ ಡಬ್ಬಿ ಸಮೇತ ಅವರಿಗೆ ತೋರಿಸಿ, ಮುಚ್ಚಿಡಬೇಡಿ.

ಕೈತೊಳೆಯುವುದು ಎಲ್ಲರಿಗೂ ಗೊತ್ತು, 20 ಸೆಕೆಂಡ್ ತೊಳೆಯುವವರು ಕಡಿಮೆ ಅಷ್ಟೇ.

ನಡಿಗೆಯ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಎರಡೂ ಮುಗಿಸಿದ 889 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2025ರಲ್ಲಿ ಬಂತು. ಅರ್ಧ ಜನರಿಗೆ ಆರೋಗ್ಯದ ಪುಸ್ತಕ ಕೊಟ್ಟರು. ಉಳಿದವರಿಗೆ ಅದರ ಜೊತೆಗೆ 3 ವರ್ಷ ಬೆನ್ನಿಗೆ ನಿಂತು ವ್ಯಾಯಾಮ ಮಾಡಿಸಿದರು. ಹೆಚ್ಚೂಕಡಿಮೆ ವಾರಕ್ಕೆ ಮೂರು ನಾಲ್ಕು ಸಲ ಮುಕ್ಕಾಲು ಗಂಟೆಯ ಬಿರುಸು ನಡಿಗೆಯಷ್ಟು. 8 ವರ್ಷದ ಹೊತ್ತಿಗೆ ಪುಸ್ತಕದ ಗುಂಪಿನಲ್ಲಿ ನೂರಕ್ಕೆ ಸುಮಾರು 83 ಜನ ಬದುಕಿದ್ದರು, ವ್ಯಾಯಾಮದ ಗುಂಪಿನಲ್ಲಿ ಸುಮಾರು 90. ಇದು ಎಲ್ಲಾ ಕ್ಯಾನ್ಸರಿಗೂ ಹಾಗೇ ಅನ್ವಯಿಸುತ್ತೆ ಅಂತ ನಾನು ಹೇಳುತ್ತಿಲ್ಲ. ಆದರೆ "ನೀನು ಏಳಬೇಡ, ಸುಮ್ನೆ ಮಲಗಿರು" ಅನ್ನುವುದೇ ಕಾಳಜಿ ಅಂದುಕೊಂಡ ಮನೆಯವರು ಇದನ್ನು ಓದಲೇಬೇಕು. ಚಿಕಿತ್ಸೆಯ ಸುಸ್ತಿಗೂ ನಿಧಾನವಾಗಿ ಹೆಚ್ಚಿಸಿದ ನಡಿಗೆಯೇ ಒಳ್ಳೆಯ ಮದ್ದು.

ಮನೆಯವರು ಮಾಡಬೇಕಾದದ್ದೂ ಇದೆ. ನೆಗಡಿ ಇದ್ದರೆ ಹತ್ತಿರ ಹೋಗಬೇಡಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ನೀವೂ ಹಾಕಿಸಿಕೊಳ್ಳಿ. ಅವರ ಮೈಯಲ್ಲಿ ಲಸಿಕೆ ಅರ್ಧಂಬರ್ಧ ಕೆಲಸ ಮಾಡುವಾಗ ನಿಮ್ಮ ಲಸಿಕೆಯೇ ಅವರಿಗೆ ತಡೆ.

ಕೊನೆಯ ಭೇಟಿಯಲ್ಲಿ ಡಾಕ್ಟರ ಹತ್ತಿರ ಒಂದು ಹಾಳೆ ಬರೆಸಿಕೊಳ್ಳಿ. ಯಾವ ಔಷಧಿ ಒಟ್ಟು ಎಷ್ಟು ಕೊಟ್ಟರು, ರೇಡಿಯೇಷನ್ ಎಲ್ಲಿಗೆ ಕೊಟ್ಟರು, ಮುಂದೆ ಏನೇನು ಪರೀಕ್ಷೆ, ಯಾವ ಲಸಿಕೆ ಯಾವಾಗ. ಹೃದಯಕ್ಕೆ ಪೆಟ್ಟು ಕೊಡಬಹುದಾದ ಡಾಕ್ಸೊರುಬಿಸಿನ್ ಅನ್ನುವ ಕೀಮೋ ಔಷಧಿ ತಗೊಂಡಿದ್ದರೆ ಮುಂದೆ ಹೃದಯವನ್ನು ಪರೀಕ್ಷಿಸುವವರಿಗೆ ಅದು ಗೊತ್ತಿರಬೇಕು. ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ ಥೈರಾಯ್ಡ್ ನೋಡಿಸುತ್ತಿರಬೇಕು. ದವಡೆಗೆ ಆಗಿದ್ದರೆ ಎಷ್ಟೇ ವರ್ಷ ಕಳೆದಿರಲಿ, ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಆ ಹಾಳೆ ತೋರಿಸಿ. ಆ ಮೂಳೆಯ ಗಾಯ ಸುಲಭಕ್ಕೆ ಮಾಯುವುದಿಲ್ಲ. ಆ ಹಾಳೆಯ ಒಂದು ಫೋಟೋ ನಿಮ್ಮ ಮೊಬೈಲಿನಲ್ಲಿ, ಇನ್ನೊಂದು ಮನೆಯವರ ಮೊಬೈಲಿನಲ್ಲಿ ಇರಲಿ.