ಮೂರನೇ ಕೈ ಎಲ್ಲಿಂದ ತರಲಿ?

ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಆಧಾರ್ ಕಾರ್ಡು. ಕಂಡಕ್ಟರ್ ಅದನ್ನ ತಿರುಗಿಸಿ ಮುರುಗಿಸಿ ನೋಡಿ ಫ್ರೀ ಟಿಕೆಟ್ ಕೊಡೋಷ್ಟರಲ್ಲಿ ಡ್ರೈವರ್ ಒಂದು ಹಂಪ್ ಹಾರಿಸಿ, ಒಂದು ಬ್ರೇಕ್ ಒತ್ತಿ ಆಗಿರುತ್ತೆ. ಹಿಡ್ಕೊಳ್ಳೋಕೆ ಮೂರನೇ ಕೈ ಎಲ್ಲಿಂದ ತರಲಿ ಸ್ವಾಮಿ? ತಂದ್ರೂ ಹಿಡ್ಕೊಳ್ಳೋದು ಏನನ್ನ?

ನಾನು ಐದಡಿಗೆ ಒಂದು ಬೆರಳು ಕಮ್ಮಿ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರವೇ ಹೆಚ್ಚುಕಮ್ಮಿ ಐದಡಿ, ಹಾಗಾಗಿ ನಾನೇನೂ ಅಪರೂಪದ ಪ್ರಾಣಿ ಅಲ್ಲ. ಆದ್ರೆ ಸಿಟಿ ಬಸ್ಸಿನ ಚಾವಣಿ ಕೆಳಗೆ ಉದ್ದಕ್ಕೂ ಹಾಕಿರೋ ಆ ಸ್ಟೀಲ್ ಕಂಬಿ ನನ್ನಂಥವರಿಗೆ ನೋಡೋಕಷ್ಟೇ. ತುದಿಗಾಲಲ್ಲಿ ನಿಂತು, ತೋಳು ಪೂರ್ತಿ ಚಾಚಿ, ಬೆರಳ ತುದೀಲಿ ನೇತಾಡಬೇಕು. ಆಫೀಸ್ ತಲುಪೋಷ್ಟರಲ್ಲಿ ಭುಜ ಬಿದ್ದುಹೋಗಿರುತ್ತೆ. ಕಂಬಿಗೆ ಹಿಡಿಕೆ ನೇತುಹಾಕಿದ್ದಾರಲ್ಲ ಅಂತೀರಾ? ಅರ್ಧಕ್ಕರ್ಧ ಹಿಡಿಕೆ ಕಿತ್ತುಹೋಗಿ ಬರೀ ಪಟ್ಟಿ ಉಳಿದಿದೆ. ಹಿಡಿಕೆ ಉಳಿದಿರೋ ಕಡೆ ಪಟ್ಟಿಗೆ ಬಿಗಿಯಿಲ್ಲ. ಬ್ರೇಕ್ ಹಾಕಿದ ತಕ್ಷಣ ಅದು ಕಂಬಿ ಮೇಲೆ ಸರ್ರಂತ ಜಾರುತ್ತೆ, ಅದರ ಜೊತೆ ನಾನೂ ಜಾರಿ ಮುಂದಿನವರ ಬೆನ್ನಿಗೆ. "ಸರಿಯಾಗಿ ನಿಂತ್ಕೊಳ್ಳಮ್ಮಾ" ಅಂತ ಬೈಸ್ಕೊಳ್ಳೋದು ನಾನು. ಇಂಥ ಹಿಡಿಕೆ ಪಾಸ್ ಮಾಡಿದ ಮಹಾನುಭಾವರಿಗೆ ಬೈಯೋರು ಯಾರೂ ಇಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ಬಸ್ಸಲ್ಲಿ ಬರೀ ಹೆಂಗಸರೇ ತುಂಬಿದ್ದಾರೆ ಅಂತ ಜೋಕ್ ಮಾಡಿದ್ದೇ ಮಾಡಿದ್ದು. ತುಂಬಿದ್ದು ಎಲ್ಲರ ಕಣ್ಣಿಗೂ ಬಿತ್ತು, ಅವರ ಕೈಗೆ ಏನೂ ಎಟುಕಲ್ಲ ಅನ್ನೋದು ಯಾರಿಗೂ ಕಾಣಲಿಲ್ಲ. ಕಂಬಿ ಇಳಿಸಿದ್ರೆ ಎತ್ತರದವರ ತಲೆಗೆ ಹೊಡೆಯುತ್ತೆ, ಗೊತ್ತು. ಅದಕ್ಕೇ ಹೇಳ್ತಿರೋದು, ಎರಡು ಸೀಟಿಗೊಂದು ನೆಲದಿಂದ ಚಾವಣಿವರೆಗೆ ನೆಟ್ಟಗೆ ಕಂಬ ಹಾಕಿ ಅಂತ. ನೆಟ್ಟಗಿನ ಕಂಬವನ್ನ ಸ್ಕೂಲ್ ಮಗುನೂ ಹಿಡೀಬಹುದು, ಆರಡಿ ಆಳೂ ಹಿಡೀಬಹುದು. ನಮ್ಮ ಬಸ್ಸಲ್ಲಿ ಅಂಥ ಕಂಬ ಬಾಗಿಲ ಹತ್ರ ಇದ್ರೆ ಇದೆ, ನಡುವೆ ನಿಂತವರು ದೇವರ ಮೇಲೆ ಭಾರ ಹಾಕಬೇಕು. ಸೀಟಿನ ಬೆನ್ನಿಗೆ ಇರೋ ಸಣ್ಣ ಹಿಡಿಯನ್ನ ಹಿಡಿದ್ರೆ ಕೂತವರ ಜಡೆ, ಕಿವಿ, ಕೊನೆಗೆ ಜಗಳ.

ಮೆಟ್ಟಿಲ ವಿಷಯಕ್ಕೆ ಬಂದ್ರೆ ನನಗೆ ಮೈ ಉರಿಯುತ್ತೆ. ಕೇಂದ್ರ ಸರ್ಕಾರದ ಸಿಟಿ ಬಸ್ ಮಾನದಂಡದಲ್ಲಿ ಬಸ್ಸಿನ ನೆಲ ರಸ್ತೆಯಿಂದ 400, 650, 900 ಮಿಲಿಮೀಟರ್ ಅಂತ ಮೂರು ಬಗೆ ಇದೆ. 400 ಅಂದ್ರೆ ಒಂದು ಹೆಜ್ಜೆ ಇಟ್ಟು ಒಳಗೆ ಹೋಗೋದು. 900 ಅಂದ್ರೆ ಮೂರಡಿ ಏರೋದು. ನಮ್ಮ ರೂಟಿಗೆ ಬರೋದು ಯಾವುದು ಅಂತ ಬೇರೆ ಹೇಳಬೇಕಾ? ಕಾರಣ ಗುಟ್ಟೇನಲ್ಲ. ಎಂಜಿನ್ ಮುಂದಿರೋ ಚಾಸಿ, ಅಂದ್ರೆ ಬಾಡಿ ಇಲ್ಲದ ಬರೀ ಅಡಿಪಂಜರ ತಂದು ಅದರ ಮೇಲೆ ಬಾಡಿ ಕಟ್ಟಿಸ್ತಾರೆ. ಕೆಳಗೆ ಉದ್ದಕ್ಕೂ ಫ್ರೇಮು, ಗೇರ್‌ಬಾಕ್ಸು, ಹಿಂದಿನ ಚಕ್ರಕ್ಕೆ ಹೋಗೋ ಶಾಫ್ಟು. ಇದೆಲ್ಲದರ ಮೇಲೆ ನೆಲ ಹಾಸಬೇಕಾದ್ರೆ ನೆಲ ಮೇಲೇ ಇರುತ್ತೆ. ಎಂಜಿನ್ ಹಿಂದಕ್ಕೆ ಹಾಕಿದ್ರೆ ನೆಲ ಇಳಿಯುತ್ತೆ, ಬಸ್ಸಿನ ಬೆಲೆ ಏರುತ್ತೆ. ಅಲ್ಲಿಗೆ ಲೆಕ್ಕ ಮುಗೀತು. ಜಲ್ಲಿ ಹೊರೋ ಗಾಡಿಗೆ ಸೀಟು ಹಾಕಿ ಕಳಿಸಿದ ಹಾಗೆ.

ನಮ್ಮಮ್ಮನಿಗೆ ಮಂಡಿ ನೋವು. ಬಸ್ಸು ಸ್ಟಾಪಲ್ಲಿ ಫುಟ್‌ಪಾತಿಗೆ ಒತ್ತಿ ನಿಂತ್ರೆ ಹೇಗೋ ಹತ್ತುತ್ತಾರೆ. ಆದ್ರೆ ಅದು ನಿಲ್ಲೋದು ರಸ್ತೆ ಮಧ್ಯೆ, ಎರಡು ಬೈಕು ಎಡಗಡೆಯಿಂದ ನುಗ್ಗೋಷ್ಟು ಜಾಗ ಬಿಟ್ಟು. ರಸ್ತೆಗಿಳಿದು ಹತ್ತಬೇಕಾದ್ರೆ ಮೊದಲ ಮೆಟ್ಟಿಲೇ ಮಂಡಿವರೆಗೆ ಬರುತ್ತೆ. "ಬೇಗ ಹತ್ತಮ್ಮಾ, ಲೇಟಾಗುತ್ತೆ" ಅಂತ ಒಳಗಿಂದ ಕೂಗು. ಈಗ ಅಮ್ಮ ಆಸ್ಪತ್ರೆಗೆ ಆಟೋದಲ್ಲಿ ಹೋಗ್ತಾರೆ. ಬಸ್ಸು ಫ್ರೀ ಇರೋ ಹೆಂಗಸು ಮೀಟರ್ ಮೇಲೆ ಇಪ್ಪತ್ತು ಕೊಟ್ಟು ಆಟೋ ಹಿಡೀತಾರೆ ಅಂದ್ರೆ ಆ ಫ್ರೀ ಯಾರಿಗೆ?

ಲೋ ಫ್ಲೋರ್ ಬಸ್ಸು ಯಾಕಿಲ್ಲ ಅಂತ ಕೇಳಿದ್ರೆ ಹಂಪ್‌ಗೆ ತಳ ಉಜ್ಜುತ್ತೆ ಅಂತಾರೆ. ಹಂಪ್ ಹಾಕಿಸಿದ್ದು ನಾನಾ? ಬಸ್ಸು ಇಳಿಸೋಕೆ ಆಗಲ್ಲ ಅಂದ್ರೆ ಸ್ಟಾಪ್ ಎತ್ತರಿಸಿ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಚಿಗರಿ ಅನ್ನೋ ಬಸ್ಸು ಓಡ್ತಿದೆ, ನಿಲ್ದಾಣದ ಪ್ಲಾಟ್‌ಫಾರ್ಮ್ ಬಸ್ಸಿನ ನೆಲದ ಮಟ್ಟಕ್ಕಿದೆ, ಮೆಟ್ಟಿಲು ಹತ್ತೋ ಕೆಲಸವೇ ಇಲ್ಲ. ಆ ಯೋಜನೆ ಮೇಲೆ ಅಲ್ಲಿಯವರಿಗೆ ಬೇಕಾದಷ್ಟು ತಕರಾರಿದೆ, ಇರಲಿ. ಹತ್ತೋ ಇಳಿಯೋ ವಿಷಯದಲ್ಲಿ ಯಾರೋ ಒಬ್ಬರು ತಲೆ ಓಡಿಸಿದ್ದಾರೆ.

ಗಾಲಿಕುರ್ಚಿಯವರ ಪಾಡು ಕೇಳಲೇಬೇಡಿ. 2015ರ ಡಿಸೆಂಬರ್ 3ಕ್ಕೆ ಶುರುವಾದ ಸುಗಮ್ಯ ಭಾರತ ಅಭಿಯಾನದಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಶೇ 25ರಷ್ಟು ಎಲ್ಲರೂ ಹತ್ತೋ ಹಾಗೆ ಆಗಬೇಕು ಅಂದಿದ್ರು. ಮರುವರ್ಷ ಅಂಗವಿಕಲರ ಹಕ್ಕುಗಳ ಕಾಯ್ದೆನೂ ಬಂತು. ನಮ್ಮ ರೂಟಿನ ಒಂದು ಬಸ್ಸಲ್ಲಿ ಗಾಲಿಕುರ್ಚಿ ಚಿತ್ರದ ನೀಲಿ ಸ್ಟಿಕ್ಕರ್ ಇದೆ, ಮಧ್ಯದ ಬಾಗಿಲಲ್ಲಿ ಮಡಚೋ ರ‍್ಯಾಂಪೂ ಇದೆ. ಕೇಳಿದ್ರೆ, "ಅದು ಎತ್ತೋಕೆ ಬರಲ್ಲ ಮೇಡಂ, ತುಕ್ಕು ಹಿಡಿದಿದೆ" ಅಂತಾರೆ ಕಂಡಕ್ಟರ್. ಅವರನ್ನ ಬೈದು ಪ್ರಯೋಜನ ಇಲ್ಲ, ದಿನಪೂರ್ತಿ ಅದೇ ಡಬ್ಬದಲ್ಲಿ ನಿಂತು ಸಾಯೋರು ಅವರೂನೂ.

ಚಕ್ರದ ಮೇಲಿನ ಸೀಟಲ್ಲಿ ಮಂಡಿ ಗಲ್ಲಕ್ಕೆ ತಾಗೋದು, ಮಳೇಲಿ ಮುಚ್ಚದ ಗಾಜು, ಸೆಖೇಲಿ ತೆಗೆಯದ ಗಾಜು, ಒತ್ತಿದ್ರೂ ಉಸಿರಾಡದ ಸ್ಟಾಪ್ ಬಟನ್ನು, ಇದೆಲ್ಲ ಇನ್ನೊಂದು ದಿನಕ್ಕಿರಲಿ.

ಮೆಟ್ಟಿಲು ಸರಿಯಾಗೋಕೆ ಹೊಸ ಬಸ್ಸೇ ಬರಬೇಕು, ಒಪ್ಪಿದೆ. ಹಿಡಿಕೆಗೆ ಏನು ಬಂತು? ರಾತ್ರಿ ಡಿಪೋದಲ್ಲಿ ಸಾಲಾಗಿ ನಿಂತಿರ್ತವಲ್ಲ, ಒಂದು ಸ್ಪ್ಯಾನರ್ ಹಿಡ್ಕೊಂಡು ಯಾರಾದ್ರೂ ಒಳಗೆ ಹತ್ತಿದ್ರೆ ಆಗೋ ಕೆಲಸ. ಅದಕ್ಕೆ ಪುರುಸೊತ್ತಿಲ್ಲ. ಬಸ್ಸಿನ ಬೆನ್ನಿಗೆ ಅಂಟಿಸೋ ಜಾಹೀರಾತು ಮಾತ್ರ ಹೊಸಹೊಸದಾಗಿ ಫಳಫಳ ಅಂತಿರುತ್ತೆ.