ನಡುರಾತ್ರಿ ಕೊಂಡ ಕ್ಲಚ್ ಪ್ಲೇಟು

ಹಳೆ ಕಾರಿನ ಕ್ಲಚ್ಚು ಒಂದೇ ದಿನ ಕೈಕೊಡುವುದಿಲ್ಲ. ಪೆಡಲಿನಿಂದ ಕಾಲನ್ನು ಮುಕ್ಕಾಲು ಪಾಲು ಎತ್ತಿದ ಮೇಲೆ ಹಿಡಿಯತೊಡಗುತ್ತದೆ. ನಾಲ್ಕನೇ ಗೇರಿನಲ್ಲಿ ಎಕ್ಸಿಲೇಟರ್ ಒತ್ತಿದರೆ ಇಂಜಿನ್ನು ಒದರುತ್ತದೆ, ಕಾರು ಮಾತ್ರ ತನಗಲ್ಲ ಹೇಳಿದ್ದು ಎಂಬಂತೆ ಹೋಗುತ್ತಿರುತ್ತದೆ. ಪುಣೆಯ ಸಪಾಟು ರಸ್ತೆಗಳಲ್ಲಿ ಇದನ್ನು ತಿಂಗಳುಗಟ್ಟಲೆ ಕಂಡೂ ಕಾಣದಂತೆ ಇರಬಹುದು. ದೀಪಾವಳಿಗೆ ಮನೆಮಂದಿಯನ್ನೂ ಗಂಟುಮೂಟೆಯನ್ನೂ ತುಂಬಿಕೊಂಡು ಧಾರವಾಡದ ಹಾದಿ ಹಿಡಿದಾಗ ಖಂಬಾಟಕಿ ಘಾಟಿಯ ಏರು ನಿಜ ಬಾಯಿಬಿಡಿಸುತ್ತದೆ. ಸುಟ್ಟ ವಾಸನೆ ಒಳಗೆ ಬಂದಾಗ ಹಿಂದಿನ ಸೀಟಿನವರು ಮೊದಲು ನೋಡುವುದು ಬುತ್ತಿಯ ಡಬ್ಬವನ್ನು.

ಹಾಗಂತ ಎಲ್ಲ ದೂರನ್ನೂ, ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟಿನ ತಲೆಗೆ ಕಟ್ಟುವಂತಿಲ್ಲ. ಮಾರುತಿ 800ರಂಥ ಕಾರಿನಲ್ಲಿ ಪೆಡಲಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಬರೀ ಒಂದು ಕೇಬಲ್ಲು. ಪ್ಲೇಟು ಸವೆದಂತೆ ಪೆಡಲಿನ ಸಡಿಲು ಕಡಿಮೆಯಾಗುತ್ತ ಬರುತ್ತದೆ. ಅದು ಪೂರ್ತಿ ಹೋಯಿತೆಂದರೆ, ಕಾಲಿಡದಿದ್ದರೂ ಕೇಬಲ್ಲು ಕ್ಲಚ್ಚನ್ನು ಅರೆಬರೆ ಎಳೆದೇ ಇಟ್ಟಿರುತ್ತದೆ. ಆಗ ಒಳ್ಳೆಯ ಪ್ಲೇಟೂ ಜಾರುತ್ತದೆ. ಪೆಡಲನ್ನು ಬೆರಳಲ್ಲಿ ಒತ್ತಿ ನೋಡಬೇಕು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 15ರಿಂದ 25 ಮಿಲಿಮೀಟರು ಸುಮ್ಮನೆ ಇಳಿದು, ಆಮೇಲೆ ಭಾರ ಸಿಗಬೇಕು. ಸಿಗದಿದ್ದರೆ ಕೇಬಲ್ ತುದಿಯ ನಟ್ಟನ್ನು ತಿರುವಿ ಸರಿಮಾಡಿ, ಆಮೇಲೆ ಪರೀಕ್ಷೆ: ಮುಂದೆ ಯಾರೂ ಇಲ್ಲದ ಕಡೆ ಬ್ರೇಕು ಗಟ್ಟಿಯಾಗಿ ಒತ್ತಿ, ಮೂರನೇ ಗೇರು ಹಾಕಿ, ಎಕ್ಸಿಲೇಟರ್ ಮುಟ್ಟದೆ ಕ್ಲಚ್ಚು ಬಿಡುವುದು. ಇಂಜಿನ್ನು ತಟ್ಟನೆ ನಿಂತರೆ ಪ್ಲೇಟಿಗೆ ಇನ್ನೂ ಜೀವವಿದೆ. ನಿಲ್ಲದೆ ಗೊರಗುಟ್ಟುತ್ತಲೇ ಇದ್ದರೆ ಖರ್ಚು ಬಂತು. ಇದನ್ನು ಒಮ್ಮೆ ಮಾಡಿದರೆ ಸಾಕು. ಅಕ್ಕಪಕ್ಕದವರಿಗೆಲ್ಲ ಮಾಡಿ ತೋರಿಸಹೋದರೆ ಉಳಿದಷ್ಟೂ ಸುಟ್ಟುಹೋಗುತ್ತದೆ.

ಆ ರಾತ್ರಿ ನಿದ್ದೆ ಬಾರದೆ ಮೊಬೈಲು ಕೈಗೆ ಬರುತ್ತದೆ. ಅಲ್ಲಿ ಪುಣೆಯ ಬಿಡಿಭಾಗಗಳ ಪೇಟೆಯಾದ ನಾನಾ ಪೇಠೆಯ ಅಂಗಡಿಯ ಅರ್ಧ ಬೆಲೆಗೆ ಕ್ಲಚ್ ಸೆಟ್ಟು ಹೊಳೆಯುತ್ತಿರುತ್ತದೆ. ನಾನಾ ಪೇಠೆಯ ಅಂಗಡಿಯವನು ಸಾಮಾನು ತೆಗೆಯುವ ಮೊದಲು ಯಾವ ವರ್ಷದ್ದು, ಎಷ್ಟು ಗೇರು, ಹಳೆ ಪ್ಲೇಟು ತಂದಿದ್ದೀರಾ ಎಂದು ಕೇಳಿಯೇ ಕೇಳುತ್ತಾನೆ. ಮೊಬೈಲಿಗೆ ಇದ್ಯಾವುದೂ ಬೇಡ, ಪಿನ್‌ಕೋಡ್ ಸಾಕು. 'ಎಲ್ಲ ಮಾಡೆಲ್‌ಗೂ ಹೊಂದುತ್ತದೆ' ಎಂಬ ಸಾಲು ಕಂಡ ಕೂಡಲೇ ಮುಂದಕ್ಕೆ ಸರಿಯುವುದು ಒಳ್ಳೆಯದು. ಮಾರುತಿ 800ರಲ್ಲೇ ನಾಲ್ಕು ಗೇರಿನದೂ ಇದೆ, ಐದು ಗೇರಿನದೂ ಇದೆ. ಪ್ಲೇಟಿನ ಅಡ್ಡಳತೆ, ನಡುವಿನ ತೂತಿನ ಹಲ್ಲುಗಳ ಲೆಕ್ಕ, ಕಂಪನಿಯ ಪಾರ್ಟ್ ನಂಬರು, ಈ ಮೂರೂ ಬರೆದಿರದ ಜಾಹೀರಾತಿಗೆ ದುಡ್ಡು ಕಟ್ಟಬಾರದು. 'ಸೆಟ್' ಎಂದರೆ ಏನೇನು ಎಂಬುದನ್ನೂ ನೋಡಬೇಕು. ಕ್ಲಚ್ ಪ್ಲೇಟು, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟು, ಪೆಡಲು ತುಳಿದಾಗ ಆ ಒತ್ತು ಬಿಡಿಸುವ ರಿಲೀಸ್ ಬೇರಿಂಗು, ಮೂರೂ ಇದ್ದರೆ ಸೆಟ್ಟು. ಚಿತ್ರದಲ್ಲಿ ಬೇರಿಂಗು ಇದ್ದು ಡಬ್ಬದಲ್ಲಿ ಇಲ್ಲದಿರುವುದು ಹೊಸ ಸಂಗತಿಯೇನಲ್ಲ.

ಡಬ್ಬ ಬಂತು ಅನ್ನಿ. ಪ್ಲೇಟನ್ನು ಕಡಕ್ ರೊಟ್ಟಿಯಂತೆ ಎರಡು ಅಂಗೈ ನಡುವೆ ಹಿಡಿದು, ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಎರಡೂ ಬದಿಯ ಲೈನಿಂಗುಗಳ, ಅಂದರೆ ಉಜ್ಜಿ ಸವೆಯುವ ಪದರಗಳ ನಡುವೆ ತೆಳ್ಳನೆಯ ಸ್ಪ್ರಿಂಗ್ ಉಕ್ಕಿನ ಎಲೆಗಳಿರುತ್ತವೆ, ಸಣ್ಣ ಅಲೆಯಂತೆ ಬಾಗಿ. ಕ್ಲಚ್ಚು ಬಿಡುವಾಗ ಈ ಅಲೆ ನಿಧಾನವಾಗಿ ಚಪ್ಪಟೆಯಾಗುತ್ತ ಹೋಗುವುದರಿಂದಲೇ ಕಾರು ಜಗ್ಗದೆ ಹೊರಡುತ್ತದೆ. ಅಗ್ಗದ ಪ್ಲೇಟು ಮೊದಲು ಉಳಿತಾಯ ಮಾಡುವುದು ಇಲ್ಲೇ: ಎಲೆ ನೆಟ್ಟಗೆ ಹಲಗೆಯಂತಿರುತ್ತದೆ. ಅಂಥದ್ದನ್ನು ಹಾಕಿದ ಕಾರು ಮೊದಲ ಗೇರಿನಲ್ಲಿ ಚಳಿಜ್ವರ ಬಂದಂತೆ ನಡುಗುತ್ತದೆ. ಇನ್ನು ರಿವೆಟ್ಟುಗಳು. ಅವುಗಳ ತಲೆ ಲೈನಿಂಗಿನ ಮೇಲ್ಮೈಯಿಂದ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಒಳಗಿರಬೇಕು. ಅರ್ಧ ಮಿಲಿಮೀಟರಿಗೆ ಬಂದ ಪ್ಲೇಟು ಸವೆದದ್ದೆಂದು ಲೆಕ್ಕ. ಹೊಸದೇ ಹಾಗಿದ್ದರೆ ಅದು ಮುದುಕನಾಗಿಯೇ ಹುಟ್ಟಿದೆ. ಪ್ರೆಶರ್ ಪ್ಲೇಟಿನ ನಡುವಿನ ಸ್ಪ್ರಿಂಗ್ ಬೆರಳುಗಳೆಲ್ಲ ಒಂದೇ ಎತ್ತರದಲ್ಲಿರಬೇಕು. ಹೊಸ ಕರಿ ಬಣ್ಣದ ಕೆಳಗೆ ಹಳೆ ಗೀರುಗಳು ಕಂಡರೆ, ಗುಜರಿಯಿಂದ ಎತ್ತಿ ಬಣ್ಣ ಬಳಿದದ್ದು. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರೆ ಮೆತ್ತಗೆ ತಿರುಗಬೇಕು. ಒಣ ಸದ್ದು ಬಂದರೆ ಒಳಗೆ ಗ್ರೀಸಿಲ್ಲ. ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಶುಚಿತ್ವ ಮಾತ್ರ ಬೇಡ, ಇದ್ದ ಗ್ರೀಸೂ ಹೋಗುತ್ತದೆ.

ಇಷ್ಟನ್ನೂ ಕಾರು ಬಿಚ್ಚುವ ಮುಂಚೆ ಮಾಡಬೇಕೆಂಬುದೇ ಮುಖ್ಯ. ಗೇರ್‌ಬಾಕ್ಸು ನೆಲದ ಮೇಲೆ, ಕಾರು ಇಟ್ಟಿಗೆಯ ಮೇಲೆ, ವಾಪಸು ಕಳಿಸಿದ ಪ್ಲೇಟು ಯಾವುದೋ ಗೋದಾಮಿನಲ್ಲಿ, ಹೀಗೆ ವಾರ ಕಳೆಯುವುದು ಗ್ಯಾರೇಜಿನವನಿಗೂ ಬೇಡ. ಒಮ್ಮೆ ಗೇರ್‌ಬಾಕ್ಸಿನ ಶಾಫ್ಟಿಗೆ ಏರಿಸಿ ಗುರುತು ಬಿದ್ದ ಪ್ಲೇಟನ್ನು ಯಾರೂ ವಾಪಸು ತೆಗೆದುಕೊಳ್ಳುವುದೂ ಇಲ್ಲ. ಪುಣೆಯ ಗ್ಯಾರೇಜುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ಸಿಗುತ್ತಾರೆ. ಡಬ್ಬ ನೋಡಿದ ಕೂಡಲೇ ಅವರು ಹೇಳುವ ಮಾತು ಇಷ್ಟೇ: "ಸಾಹೇಬ್ರ, ಹಾಕಿ ಕೊಡ್ತೀನ್ರಿ. ಆದ್ರ ಮಾಲೂ ನಿಮ್ದ, ಗ್ಯಾರಂಟೀನೂ ನಿಮ್ದ."

ಈ ಮಾತಿನ ಬೆಲೆ ಮಜೂರಿಯಲ್ಲಿದೆ. ವೈಪರ್ ರಬ್ಬರು ಅಗ್ಗದ್ದು ತಂದು ಕೆಟ್ಟರೆ ಐದು ನಿಮಿಷದಲ್ಲಿ ಇನ್ನೊಂದು ಹಾಕಬಹುದು. ಕ್ಲಚ್ಚು ಕಾರಿನ ಹೊಟ್ಟೆಯೊಳಗಿನದು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಬ್ಯಾಟರಿ ತಂತಿ ಬಿಚ್ಚಿ, ಗೇರ್ ಆಯಿಲ್ ಇಳಿಸಿ, ಎರಡೂ ಡ್ರೈವ್ ಶಾಫ್ಟ್ ಹೊರಗೆಳೆದು, ಇಂಜಿನ್ನಿಗೆ ಜಾಕಿನ ಆಸರೆ ಕೊಟ್ಟು, ಗೇರ್‌ಬಾಕ್ಸನ್ನು ಇಳಿಸಬೇಕು. ಅರ್ಧ ದಿನದ ಕೆಲಸ. ಅಗ್ಗದ ಸೆಟ್ಟಿನಲ್ಲಿ ಸಾವಿರ ರೂಪಾಯಿ ಉಳಿಯಿತು, ಮಜೂರಿ ಎರಡು ಸಾವಿರ ಎಂದಿಟ್ಟುಕೊಳ್ಳಿ. ಪ್ಲೇಟು ಆರು ತಿಂಗಳಿಗೆ ಹೋದರೆ ಮತ್ತೆ ಮಜೂರಿ, ಮತ್ತೆ ಪ್ಲೇಟು. ಈ ಲೆಕ್ಕ ನಡುರಾತ್ರಿ ಹೊಳೆಯುವುದಿಲ್ಲ.

ಹೇಗೂ ಹೊಟ್ಟೆ ಬಗೆದದ್ದಾಯಿತು, ಒಳಗಿನದ್ದೆಲ್ಲ ನೋಡಿಬಿಡುವುದು ಜಾಣತನ. ಇಂಜಿನ್ನಿನ ಹಿಂದಿನ ಆಯಿಲ್ ಸೀಲು ಜಿನುಗುತ್ತಿದ್ದರೆ ಎಷ್ಟು ದುಬಾರಿ ಪ್ಲೇಟು ಹಾಕಿದರೂ ಎಣ್ಣೆ ಕುಡಿದು ಜಾರುತ್ತದೆ. ಗೇರ್‌ಬಾಕ್ಸಿನ ಶಾಫ್ಟಿನ ಸೀಲಿಗೂ ಇದೇ ಮಾತು. ಪ್ಲೇಟು ಒತ್ತಿಕೊಳ್ಳುವ ಇಂಜಿನ್ನಿನ ಚಕ್ರ, ಅಂದರೆ ಫ್ಲೈವೀಲಿನ ಮೇಲೆ ನೀಲಿ ಕಲೆ, ಕೂದಲೆಳೆಯಂಥ ಬಿರುಕು ಇದ್ದರೆ ಲೇಥಿಗೆ ಕಳಿಸಬೇಕು ಇಲ್ಲವೇ ಬದಲಿಸಬೇಕು. ಒಳಗಿನ ಕರಿ ಧೂಳನ್ನು ಗಾಳಿ ಹೊಡೆದು ಹಾರಿಸುವ ಅಭ್ಯಾಸ ಗ್ಯಾರೇಜುಗಳಲ್ಲಿದೆ, ಬೇಡವೆನ್ನಿ. ಹಳೆ ಲೈನಿಂಗುಗಳಲ್ಲಿ ಉಸಿರಿಗೆ ಹೋದರೆ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ಇರುತ್ತಿತ್ತು, ಹೆಸರಿಲ್ಲದ ಅಗ್ಗದ ಮಾಲಿನಲ್ಲಿ ಏನಿದೆಯೆಂದು ಡಬ್ಬ ಹೇಳುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಕೂಡಿಸುವಾಗ ಒಳ್ಳೆಯ ಸೆಟ್ಟನ್ನೂ ಕೆಡಿಸಬಹುದು. ಮೊದಲು ಹೊಸ ಪ್ಲೇಟನ್ನು ಗೇರ್‌ಬಾಕ್ಸಿನ ಶಾಫ್ಟಿಗೆ ಕೈಯಲ್ಲೇ ಹಾಕಿ ನೋಡಬೇಕು: ಹಿಂದೆ ಮುಂದೆ ಸರಾಗ ಜಾರಬೇಕು, ಲಟಪಟ ಅಲುಗಬಾರದು. ಸಾಗಣೆಯಲ್ಲಿ ಬಿದ್ದು ಬಾಗಿದ್ದರೆ ತಿರುಗಿಸಿದಾಗ ಅಂಚು ತೂರಾಡುವುದು ಇಲ್ಲೇ ಕಾಣುತ್ತದೆ. ಹಲ್ಲುಗಳಿಗೆ ಗ್ರೀಸು ಬೆರಳು ಸವರಿದಷ್ಟು ಮಾತ್ರ; ಧಾರಾಳವಾದರೆ ತಿರುಗುವಾಗ ಸಿಡಿದು ಲೈನಿಂಗಿಗೇ ಅಂಟುತ್ತದೆ. ಪ್ರೆಶರ್ ಪ್ಲೇಟಿಗೆ ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆಯನ್ನು ಪೂರ್ತಿ ಒರೆಸಬೇಕು. ಪ್ಲೇಟಿಗೆ ಎದುರು ಬೆನ್ನು ಎರಡೂ ಇವೆ. ತಿರುಗಾಮುರುಗಾ ಕೂರಿಸಿದರೆ ನಡುವಿನ ಉಬ್ಬು ಫ್ಲೈವೀಲಿನ ಬೋಲ್ಟುಗಳಿಗೆ ತಾಗಿ, ಎಷ್ಟು ತುಳಿದರೂ ಕ್ಲಚ್ಚು ಬಿಡದು. ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರವನ್ನು ಪ್ಲೇಟಿನ ಮೇಲೆ ಜೋತಾಡಲು ಬಿಟ್ಟರೆ ನಡುಭಾಗ ಬಾಗುತ್ತದೆ, ಬೈಗುಳ ಮಾತ್ರ ಕಳಿಸಿದವನಿಗೆ.

ಅಗ್ಗದ್ದು ಯಾವತ್ತೂ ತಪ್ಪು ಎಂದೇನಲ್ಲ. ಪುಣೆಯ ಎಂಎಚ್-12 ನಂಬರಿನ ಕಾರಿಗೆ ಹದಿನೈದು ವರ್ಷ ತುಂಬುತ್ತ ಬಂದು, ಆರ್‌ಸಿ ನವೀಕರಣದ 5,000 ರೂಪಾಯಿ ಶುಲ್ಕ, ಹಸಿರು ತೆರಿಗೆ, ಫಿಟ್ನೆಸ್ಸು ಯಾವುದೂ ಬೇಡವೆಂದು ಮಾಲೀಕ ಮನಸ್ಸು ಮಾಡಿದ್ದರೆ, ಉಳಿದ ಕೆಲವು ತಿಂಗಳಿಗೆ ಹೆಸರಿಲ್ಲದ ಪ್ಲೇಟು ಸಾಕು. ಇನ್ನೈದು ವರ್ಷಕ್ಕೆ ನೋಂದಾಯಿಸಿ ಊರಿಗೆ ಓಡಾಡುವ ಆಸೆ ಇದ್ದವರು ಹೆಸರಿನ ಸೆಟ್ಟಿನ ಜೊತೆಗೆ ಹೊಸ ಕೇಬಲ್ಲನ್ನೂ ಹಾಕಿಸಲಿ. ಮೊದಲ ನಾನೂರು ಐನೂರು ಕಿಲೋಮೀಟರು ಘಾಟಿ, ಹಾಫ್ ಕ್ಲಚ್ಚು ಎರಡೂ ಬೇಡ.

ಗ್ಯಾರೇಜಿನಿಂದ ಹೊರಡುವ ಮುಂಚೆ ನಿಂತಲ್ಲೇ ರಿವರ್ಸ್ ಹಾಕಿ ನೋಡಬೇಕು. ಕರಕರ ಎಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಸದ್ದಿಲ್ಲದೆ ಬಿದ್ದರೆ ಕೆಲಸ ಸರಿಯಾಗಿದೆ. ಉಳಿಯುವುದು ಎಡಗಾಲೊಂದೇ. ಹಳೆ ಕ್ಲಚ್ಚು ಮೇಲೆ ಹಿಡಿಯುತ್ತಿತ್ತು, ಹೊಸದು ಕೆಳಗೇ ಹಿಡಿಯುತ್ತದೆ. ವರ್ಷಗಟ್ಟಲೆ ಮೇಲಕ್ಕೇ ಕಾದು ಅಭ್ಯಾಸವಾದ ಕಾಲು ಎಂದಿನಂತೆ ಸರ್ರನೆ ಎದ್ದುಬಿಡುತ್ತದೆ. ಕಾರು ಸೊಸೈಟಿಯ ಗೇಟಿನಲ್ಲಿ ಒಮ್ಮೆ ಹಾರಿ ನಿಲ್ಲುತ್ತದೆ, ಮತ್ತೆ ಚಾಲೂ ಮಾಡಿದರೆ ಮತ್ತೆ ಹಾರಿ ನಿಲ್ಲುತ್ತದೆ. ವಾಚ್‌ಮನ್ ಕುರ್ಚಿಯಿಂದೆದ್ದು ಬಂದು ಕೇಳುತ್ತಾನೆ: "ಕಾಯ್ ಕಾಕಾ, ಗಾಡಿ ನವೀನ್ ಘೇತಲೀ ಕಾ?" (ಏನ್ ಕಾಕಾ, ಗಾಡಿ ಹೊಸದು ತಗೊಂಡ್ರಾ?)