ಶೀಟಿಗಿಷ್ಟು ಅಂತ ಡ್ರಾಯಿಂಗ್ ಮಾಡಿಸಬೇಡಿ

ಪುಣೆಯಲ್ಲಿ ಮಾಡ್ಯುಲರ್ ಕಿಚನ್ ವರ್ಕ್‌ಶಾಪ್ ಇಟ್ಟಿರುವ ನಮ್ಮ ಬೆಳಗಾವಿ, ಹುಬ್ಬಳ್ಳಿ ಕಡೆಯ ಗೆಳೆಯರು ಈಚೆಗೆ ಸಿಕ್ಕಾಗಲೆಲ್ಲ ಎರಡು ಪ್ರಶ್ನೆ ಕೇಳುತ್ತಾರೆ. ಡ್ರಾಯಿಂಗ್ ಕೆಲಸ ಹೊರಗೆ ಕೊಡಬಹುದಾ? ಶೀಟಿಗೆ, ಅಂದರೆ ಡ್ರಾಯಿಂಗಿನ ಒಂದು ಹಾಳೆಗೆ, ಎಷ್ಟು ತಗೊಳ್ತಾರೆ?

ನಾನು ಇದೇ ಊರಲ್ಲಿ ಕೂತು ಅಮೆರಿಕದ ಕ್ಯಾಬಿನೆಟ್ ಶಾಪ್‌ಗಳಿಗೆ ಶಾಪ್ ಡ್ರಾಯಿಂಗ್, ಅಂದರೆ ಬೋರ್ಡ್ ಕತ್ತರಿಸಿ ಜೋಡಿಸಲು ಬೇಕಾದ ಅಳತೆಯೆಲ್ಲ ಇರುವ ನಕ್ಷೆ, ಮಾಡುವವನು. ಅವರು ಹೊರಗೆ ಕೊಡುವ ಕೆಲಸದಿಂದಲೇ ನನ್ನ ಮನೆ ನಡೆಯುತ್ತದೆ. ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ, ಧಾರಾಳವಾಗಿ ಕೊಡಿ. ಎರಡನೆಯದಕ್ಕೆ ಮಾತ್ರ ಒಂದು ಸಾಲಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಶೀಟ್ ಎಣಿಸಿ ದುಡ್ಡು ಕೊಡುವ ಪದ್ಧತಿಯೇ ಈ ಕೆಲಸವನ್ನು ಕೆಡಿಸುತ್ತಿದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಡ್ರಾಯರ್ ತಗೊಳ್ಳಿ. ಕ್ಯಾಬಿನೆಟ್ ಅಗಲ 600 ಎಂಎಂ. 18 ಎಂಎಂ ಪ್ರಿಲ್ಯಾಮ್ ಬೋರ್ಡ್ (ಲ್ಯಾಮಿನೇಟ್ ಮೊದಲೇ ಅಂಟಿಸಿ ಬರುವ ಹಲಗೆ) ಆದರೆ ಎರಡೂ ಪಕ್ಕ ಕಳೆದು ಒಳಗೆ 564 ಉಳಿಯುತ್ತದೆ. ಡ್ರಾಯರ್ ಜಾರುವ ಮಾಮೂಲಿ ಬಾಲ್ ಬೇರಿಂಗ್ ಚಾನಲ್‌ಗೆ ಒಂದೊಂದು ಪಕ್ಕಕ್ಕೂ ಅರ್ಧ ಇಂಚು, ಅಂದರೆ 12.7 ಎಂಎಂ ಜಾಗ ಬೇಕು. ಡ್ರಾಯರ್ ಬಾಕ್ಸ್ ಹೆಚ್ಚುಕಡಿಮೆ 538ಕ್ಕೆ ಬರುತ್ತದೆ. ಈಗ ಅದೇ ಕ್ಯಾಬಿನೆಟನ್ನು 18 ಎಂಎಂ ಪ್ಲೈಗೆ ಒಳಗಡೆ 0.8 ಎಂಎಂ ಲೈನರ್, ಅಂದರೆ ತೆಳು ಲ್ಯಾಮಿನೇಟ್ ಹಾಳೆ, ಅಂಟಿಸಿ ಮಾಡುತ್ತೀರಿ ಅಂದುಕೊಳ್ಳಿ. ಒಳಗಿನ ಅಗಲ 562.4ಕ್ಕೆ ಇಳಿಯಿತು, ಬಾಕ್ಸ್ 537 ಇರಬೇಕಿತ್ತು. 538ರ ಬಾಕ್ಸ್ ಅಲ್ಲಿ ಕೂರುತ್ತದೆ, ಆದರೆ ಬಿಗಿಯಾಗಿ. ಚಾನಲ್ ಎಳೆದಾಗ ಹಿಡಿಯುತ್ತದೆ. ಮಿಸ್ತ್ರಿ ಬೈಯುತ್ತಾ ಬಾಕ್ಸ್ ಬಿಚ್ಚುತ್ತಾನೆ. ಇನ್ನು ಪ್ಲೈ ದಪ್ಪವಂತೂ ಲಾಟಿನಿಂದ ಲಾಟಿಗೆ ಅಷ್ಟಿಷ್ಟು ಬೇರೆಯಾಗುತ್ತದೆ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಕಾಗದದ ಮೇಲೆ ಈ ಎರಡು ಕ್ಯಾಬಿನೆಟ್ ನೋಡಲು ಒಂದೇ ಥರ ಇರುತ್ತವೆ. ವ್ಯತ್ಯಾಸ ಗೊತ್ತಾಗಬೇಕಾದರೆ ಡ್ರಾಫ್ಟ್ಸ್‌ಮನ್ ಕೇಳಬೇಕು. ಬೋರ್ಡ್ ಯಾವುದು? ಲೈನರ್ ಇದೆಯಾ? ಚಾನಲ್ ಯಾವ ಥರದ್ದು? ಹಾಗೆ ಕೇಳಿ, ಉತ್ತರಕ್ಕೆ ಕಾದು, ಮತ್ತೆ ಫೈಲ್ ತೆಗೆಯುವಷ್ಟರಲ್ಲಿ ಅವನ ಅರ್ಧ ದಿನ ಹೋಯಿತು. ಶೀಟ್ ಲೆಕ್ಕದಲ್ಲಿ ಆ ಅರ್ಧ ದಿನಕ್ಕೆ ಒಂದು ಪೈಸೆಯೂ ಇಲ್ಲ. ಹಳೇ ಫೈಲಿನಿಂದ 538 ಅಂತ ಎತ್ತಿ ಹಾಕಿದರೆ ಶೀಟ್ ಮುಗಿಯುತ್ತದೆ, ಬಿಲ್ ಆಗುತ್ತದೆ. ಎರಡು ಮಕ್ಕಳ ಫೀಸ್ ಕಟ್ಟಬೇಕಾದ ಮನುಷ್ಯ ಯಾವುದನ್ನು ಮಾಡುತ್ತಾನೆ ಹೇಳಿ. ಅವನನ್ನು ಸೋಮಾರಿ ಅನ್ನಬೇಡಿ. ಕೇಳದೇ ಇರುವುದಕ್ಕೇ ನಾವು ದುಡ್ಡು ಕೊಡುತ್ತಿದ್ದೇವೆ.

ಅಮೆರಿಕದ ಕೆಲಸದಲ್ಲಿ ಇದು ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ನಮಗೆ ಸಂಜೆ 7 ಗಂಟೆ ಆದಾಗ ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9:30. ಬೆಳಿಗ್ಗೆ ಎದ್ದ ಅನುಮಾನಕ್ಕೆ ಉತ್ತರ ನಾವು ಮನೆಗೆ ಹೊರಡುವ ಹೊತ್ತಿಗೆ ಬರುತ್ತದೆ. ಅಲ್ಲಿ ಮಾಮೂಲಿ ಕಿಚನ್‌ನ ಬೇಸ್ ಕ್ಯಾಬಿನೆಟ್ 34½ ಇಂಚು, ಮೇಲೆ ಕಲ್ಲು ಕೂತರೆ ಕಟ್ಟೆ 36 ಇಂಚು. ಎಲ್ಲರಿಗೂ ಬಾಯಿಪಾಠ. ಆದರೆ ಅಂಗವಿಕಲರಿಗೆ ಅನುಕೂಲವಾಗಬೇಕಾದ ಸಿಂಕ್ ಆದರೆ ಅಂಗವಿಕಲರ ಹಕ್ಕಿಗಾಗಿ ಇರುವ ಅಮೆರಿಕದ ಕಾನೂನು ಎಡಿಎಯ 2010ರ ನಿಯಮದ ಪ್ರಕಾರ ಎತ್ತರ 34 ಇಂಚು ಮೀರುವ ಹಾಗಿಲ್ಲ. ವೀಲ್‌ಚೇರ್‌ನಲ್ಲಿ ಕೂತವರ ಮೊಣಕಾಲಿಗೆ ಕೆಳಗಡೆ ಕನಿಷ್ಠ 27 ಇಂಚು ಎತ್ತರದ ಖಾಲಿ ಜಾಗವೂ ಬೇಕು. ಕಳಿಸಿದ ಪ್ಲಾನ್‌ನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯದೇ ಇದ್ದಾಗ, ಕೇಳುವ ಹುಡುಗ ಬಚಾವಾಗುತ್ತಾನೆ. ಶೀಟ್ ಎಣಿಸುವ ಹುಡುಗ 36 ಹಾಕುತ್ತಾನೆ. ಆರ್ಕಿಟೆಕ್ಟ್ ಹತ್ತಿರ ಸಿಕ್ಕಿಬಿದ್ದರೆ ಡ್ರಾಯಿಂಗ್ ವಾಪಸ್ ಬರುತ್ತದೆ, ಅಷ್ಟೇ. ಸಿಕ್ಕಿಬೀಳದೇ ಬೋರ್ಡ್ ಕತ್ತರಿಸಿದರೆ ಕಥೆ ಬೇರೆ.

ಈ ಹುಡುಗರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಟ್ರೇಡ್ ಅಂದರೆ ಹೆಚ್ಚಾಗಿ ಸಿವಿಲ್ ಅಥವಾ ಮೆಕ್ಯಾನಿಕಲ್, ಎರಡು ವರ್ಷ. ಗೆರೆ ಚೆನ್ನಾಗಿ ಹಾಕುತ್ತಾರೆ, ಆಟೋಕ್ಯಾಡ್ ಚೆನ್ನಾಗಿ ಗೊತ್ತು. ಆದರೆ ಶಟರ್‌ನಲ್ಲಿ, ಅಂದರೆ ಕ್ಯಾಬಿನೆಟ್ ಬಾಗಿಲಿನಲ್ಲಿ, ಹಿಂಜ್ ಕಪ್‌ಗೆ 35 ಎಂಎಂ ತೂತು ಕೊರೆಯುವುದನ್ನು ಕಣ್ಣಾರೆ ನೋಡದವರು ಅವರಲ್ಲಿ ತುಂಬಾ ಜನ. ಬೋರ್ಡಿನ ಅಂಚಿಗೆ ಅಂಟಿಸುವ ಎಡ್ಜ್ ಬ್ಯಾಂಡ್ ಮುಟ್ಟಿ ನೋಡಿರುವುದಿಲ್ಲ. ನನಗೆ ಇದು ನಿಜವಾಗಿ ಬೇಸರ ತರುತ್ತದೆ. ತಾವು ಬರೆದ ಕ್ಯಾಬಿನೆಟನ್ನು ಒಂದು ಸಲವೂ ತೆರೆದು ಮುಚ್ಚದೆ ಎಷ್ಟೋ ಹುಡುಗರು ವರ್ಷಗಟ್ಟಲೆ ಕ್ಯಾಬಿನೆಟ್ ಬರೆಯುತ್ತಾರೆ. ನ್ಯೂಜೆರ್ಸಿಯ ಶಾಪ್‌ಗೆ ಅವರನ್ನು ಕರೆದೊಯ್ಯಲು ನನ್ನಿಂದ ಆಗದು. ಪುಣೆಯ ನರ್ಹೆ, ಭೋಸರಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ನಿಮಗೆ ಅದು ಕಷ್ಟವಲ್ಲ. ಡ್ರಾಯಿಂಗ್ ಮಾಡುವವನು ಕೊಥ್ರೂಡ್‌ನಲ್ಲಿ ಇರಲಿ, ಕೊಲ್ಹಾಪುರದಲ್ಲಿ ಇರಲಿ, ಬಸ್ ಚಾರ್ಜ್ ಕೊಟ್ಟು ಕರೆಸಿ. ಒಂದು ದಿನ ಬೋರ್ಡ್ ಕತ್ತರಿಸುವ ಪ್ಯಾನಲ್ ಸಾ ಪಕ್ಕ ನಿಲ್ಲಿಸಿ. ನಿಮ್ಮ ಮಿಸ್ತ್ರಿ ಜೊತೆ ಟೀ ಕುಡಿಯಲಿ. ಆ ಒಂದು ದಿನದ ಕೂಲಿಯನ್ನೂ ಕೊಡಿ.

ಅಳತೆ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಬಿಲ್ಡರ್ ಕೊಟ್ಟ ಪ್ಲಾನ್ ಪಿಡಿಎಫ್ ಕಳಿಸಿ ಸುಮ್ನಾಗಬೇಡಿ. ಪುಣೆ ಫ್ಲ್ಯಾಟ್‌ಗಳಲ್ಲಿ ಅಡುಗೆಮನೆಗೆ ಅಂಟಿಕೊಂಡು ಬಟ್ಟೆ, ಪಾತ್ರೆ ತೊಳೆಯುವ ಡ್ರೈ ಬಾಲ್ಕನಿ ಇರುತ್ತದೆ, ಅದರ ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದರ ಮೇಲೆ ಕೊನೆಯ ಕ್ಯಾಬಿನೆಟ್ ನಿಂತಿದೆ. ಬೀಮ್ ಎಷ್ಟು ಕೆಳಗೆ ಇಳಿದಿದೆ, ಗ್ಯಾಸ್ ಪೈಪ್ ಎಲ್ಲಿ ಹಾದಿದೆ, ಗೋಡೆ ಗುನಿಯಾದಲ್ಲಿ (ಸರಿಯಾದ ಲಂಬಕೋನದಲ್ಲಿ) ಇದೆಯಾ ಇಲ್ಲವಾ, ಇದನ್ನೆಲ್ಲ ಸೈಟಿನಲ್ಲಿ ನಿಂತು ನೋಡಬೇಕು. ಗೋಡೆಗೂ ಕ್ಯಾಬಿನೆಟ್‌ಗೂ ನಡುವಿನ ಸಂದು ಮುಚ್ಚುವ ಫಿಲ್ಲರ್ ಎಷ್ಟು ಬಿಡಬೇಕು ಅಂತ ಗೊತ್ತಾಗುವುದು ಅಲ್ಲೇ.

ಹಾಗಾದರೆ ದುಡ್ಡು ಹೇಗೆ ಕೊಡುವುದು? ಮೊದಲ ಕೆಲವು ಕೆಲಸಕ್ಕೆ ಗಂಟೆ ಲೆಕ್ಕ ಇಡಿ. ಕೆಲಸ ಎಳೆದಾಡುತ್ತಾರೆ ಅನ್ನುವ ಭಯ ಇದ್ದೇ ಇರುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಎಳೆದಾಡುವವನು ಎರಡನೇ ಕೆಲಸದಲ್ಲೇ ಗೊತ್ತಾಗುತ್ತಾನೆ. ಆಮೇಲೆ ಒಂದು ಕಿಚನ್‌ಗೆ ಇಷ್ಟು ಅಂತ ಒಪ್ಪಂದ ಮಾಡಿ, ಪ್ರಶ್ನೆ ಕೇಳುವ ಹೊತ್ತನ್ನೂ ಅದರಲ್ಲಿ ಸೇರಿಸಿ. ಗಿರಾಕಿ ಮನಸ್ಸು ಬದಲಾಯಿಸಿ ಚಿಮಣಿ ದೊಡ್ಡದು ಬೇಕು ಅಂದರೆ ಆ ತಿದ್ದುಪಡಿಗೆ ಬೇರೆ ದುಡ್ಡು. ಡ್ರಾಯಿಂಗ್ ಮಾಡಿದವನದೇ ತಪ್ಪಾದರೆ ಪುಕ್ಕಟೆ ತಿದ್ದಲಿ. ನಿಮ್ಮ ವರ್ಕ್‌ಶಾಪ್‌ನ ಪದ್ಧತಿಗಳನ್ನು, ಅಂದರೆ ಯಾವ ಬೋರ್ಡ್, ಯಾವ ಹಿಂಜ್, ಕ್ಯಾಬಿನೆಟ್ ಕೆಳಗಿನ ಸ್ಕರ್ಟಿಂಗ್ ಪಟ್ಟಿ ಎಷ್ಟು, ಶಟರ್ ನಡುವೆ ಗ್ಯಾಪ್ ಎಷ್ಟು, ಎರಡು ಮೂರು ಪುಟದಲ್ಲಿ ಬರೆದು ಮೊದಲೇ ಕೊಡಿ. ಈಗ ಅದೆಲ್ಲ ಹಿರಿಯ ಮಿಸ್ತ್ರಿಯ ತಲೆಯಲ್ಲಿ ಮಾತ್ರ ಇದೆ, ಅಲ್ವಾ?

ಅಷ್ಟೆಲ್ಲ ಕೊಟ್ಟ ಮೇಲೂ ಮೊದಲ ಕಿಚನ್‌ನ ಡ್ರಾಯಿಂಗ್ ಒಂದೇ ಒಂದು ಪ್ರಶ್ನೆ ಇಲ್ಲದೆ ವಾಪಸ್ ಬಂದರೆ ಬೋರ್ಡ್ ಕತ್ತರಿಸಬೇಡಿ. ಫೋನ್ ಮಾಡಿ, ಡ್ರಾಯರ್‌ಗೆ ಯಾವ ಚಾನಲ್ ಹಿಡಿದೆ ಅಂತ ಕೇಳಿ.